ನಾಯಿಯ ಮೈಯ ಉಣುಗು, ನರಿಯ ತಲೆಗೆ ದೂರು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮ ರೈತರಿಗೆ ಹೊಸದಲ್ಲ. ಕಾಡಿನ ಮಾಂಸಾಹಾರಿ ಪ್ರಾಣಿಗಳು ಮತ್ತು ಉಣುಗಿನಿಂದ ಹರಡುವ ರೋಗಗಳ ವಿಷಯದಲ್ಲಿ ನಾವು ಮಾಡುತ್ತಿರುವುದು ಇದನ್ನೇ ಎಂಬುದು ನನ್ನ ಅಭಿಪ್ರಾಯ. ಹೊಲದ ಬದುವಿನಲ್ಲಿ ಕಿವಿತುಂಬ ಉಣುಗು ಹತ್ತಿದ ನರಿಯೊಂದು ಕಂಡಿತೆಂದರೆ ಸಾಕು, ಊರಿನ ನಾಯಿಗೆ ಬಂದ ಜ್ವರಕ್ಕೂ, ಕೊಟ್ಟಿಗೆಯ ಹಸುವಿಗೆ ಬಂದ ಜ್ವರಕ್ಕೂ, ಮನೆಯವರಿಗೆ ಬಂದ ಜ್ವರಕ್ಕೂ ಅದೇ ಮೂಲವೆಂದು ತೀರ್ಮಾನಿಸಿ, ವಿಷವಿಟ್ಟು ಕೊಲ್ಲುವ ಮಾತನಾಡುವವರು ಇದ್ದಾರೆ. ಅದೇ ಹೊತ್ತಿನಲ್ಲಿ ಜಗುಲಿಯ ಮೇಲೆ ಮಲಗಿ ಕಿವಿ ಕೆರೆದುಕೊಳ್ಳುತ್ತಿರುವ ನಾಯಿಯ ಕಡೆಗೆ ಯಾರ ಗಮನವೂ ಹರಿಯುವುದಿಲ್ಲ.

ನರಿ, ತೋಳ, ಕಾಡುಬೆಕ್ಕು, ಪುನುಗುಬೆಕ್ಕು ಮುಂತಾದ ಪ್ರಾಣಿಗಳ ಮೈಮೇಲೆ ಉಣುಗು ಇರುವುದು ನಿಜ. ಆ ಉಣುಗುಗಳಲ್ಲಿ ಕೆಲವು ರೋಗಾಣುಗಳನ್ನು ಹೊತ್ತಿರುವುದೂ ನಿಜ. ಇದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಕಾಡಿಗೂ ಅಂಗಳಕ್ಕೂ ನಡುವೆ ದಿನಕ್ಕೆ ನಾಲ್ಕು ಸಲ ಓಡಾಡುವ ಪ್ರಾಣಿ ಯಾವುದು, ರೋಗದ ಸರಪಣಿಯನ್ನು ಎಲ್ಲಿ ಕಡಿಯಲು ಸಾಧ್ಯ ಎಂಬ ಪ್ರಶ್ನೆಗಳನ್ನು ಕೇಳಿಕೊಂಡರೆ ಉತ್ತರ ನಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ರೈತ ಬಾಂಧವರು ಈ ವಿಷಯವನ್ನು ಸಾವಧಾನವಾಗಿ ವಿಚಾರ ಮಾಡಬೇಕೆಂದು ಕೋರುತ್ತೇನೆ.

ಉಣುಗು ಬೇರೆ, ರೋಗಾಣು ಬೇರೆ

ಉಣುಗು, ಉಣ್ಣೆ, ತೊಣಚಿ ಎಂದು ಒಂದೊಂದು ಕಡೆ ಒಂದೊಂದು ಹೆಸರಿನಿಂದ ಕರೆಯುವ ಈ ಜೀವಿ ಕೀಟಗಳ ಜಾತಿಗೆ ಸೇರಿದ್ದಲ್ಲ. ಜೇಡ, ಚೇಳುಗಳ ಬಳಗದ್ದು. ಮೊಟ್ಟೆಯೊಡೆದು ಹೊರಬಂದಾಗ ಅದಕ್ಕೆ ಆರು ಕಾಲು. ಮುಂದಿನ ಹಂತದ ಎಳೆಯ ಉಣುಗಿಗೂ ಬೆಳೆದ ಉಣುಗಿಗೂ ಎಂಟು ಕಾಲು. ಪ್ರತಿಯೊಂದು ಹಂತದಲ್ಲೂ ಅದಕ್ಕೆ ಹೊಟ್ಟೆತುಂಬ ರಕ್ತ ಬೇಕು. ಒಂದು ಹಂತದಲ್ಲಿ ಸೋಂಕುಳ್ಳ ಪ್ರಾಣಿಯ ರಕ್ತವನ್ನು ಕುಡಿದು, ಮುಂದಿನ ಹಂತದಲ್ಲಿ ಬೇರೊಂದು ಪ್ರಾಣಿಯನ್ನು ಕಚ್ಚಿದಾಗ ರೋಗಾಣು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ.

ಉಣುಗು ಹರಡುವ ರೋಗಾಣುಗಳು ಒಂದೇ ಬಗೆಯವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಗೆ ಕಾರಣ ವೈರಸ್. ದನಗಳಲ್ಲಿ ಕೆಂಪು ಮೂತ್ರದ ರೋಗವನ್ನು ಉಂಟುಮಾಡುವ ಬೆಬೀಸಿಯಾ ಮತ್ತು ಮಿಶ್ರತಳಿ ಹಸುಗಳನ್ನು ಕಾಡುವ ಥೈಲೀರಿಯಾ, ಇವೆರಡೂ ಏಕಕೋಶದ ಪರಾವಲಂಬಿಗಳು. ಈ ಲೇಖನದ ವಿಷಯವಾದ ಎರ್ಲಿಕಿಯಾ, ಅನಾಪ್ಲಾಸ್ಮಾ, ರಿಕೆಟ್ಸಿಯಾಗಳು ಬ್ಯಾಕ್ಟೀರಿಯಾಗಳು. ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ನಾಟುವುದಿಲ್ಲವಾದ್ದರಿಂದ ಈ ಭೇದವನ್ನು ರೈತರು ತಿಳಿದಿರುವುದು ಒಳ್ಳೆಯದು.

ಉಣುಗುಗಳಲ್ಲೂ ಹೀಗೆಯೇ ಭೇದವಿದೆ. ನಮ್ಮ ದನಗಳ ಮೈಮೇಲೆ ಸಾಮಾನ್ಯವಾಗಿ ಕಾಣುವ ಉಣುಗು ತನ್ನ ಮೂರು ಹಂತಗಳನ್ನೂ ಒಂದೇ ದನದ ಮೇಲೆ ಕಳೆಯುವಂಥದು. ದನಗಳಿಗೆ ಅನಾಪ್ಲಾಸ್ಮಾ ಮತ್ತು ಬೆಬೀಸಿಯಾಗಳನ್ನು ಅಂಟಿಸುವುದು ಅದು. ಅದರ ಜೀವನಚಕ್ರದಲ್ಲಿ ನರಿಗೆ ಪಾತ್ರವಿಲ್ಲ. ಹಾಗಾಗಿ ಹಸುವಿನ ಹಾಲು ಇಳಿದದ್ದಕ್ಕೆ ನರಿಯನ್ನು ದೂರುವುದು ಬುಡವಿಲ್ಲದ ಮಾತು. ದನದ ಉಣುಗಿಗೆ ಕೊಟ್ಟಿಗೆಯಲ್ಲೇ ಮದ್ದು ಮಾಡಬೇಕು.

ಹೊರಗಿನಿಂದ ತಂದ ಪ್ರಾಣಿ ಕಲಿಸುವ ಪಾಠ

ಕಾಡಿನ ಮೂಲನಿವಾಸಿ ಮಾಂಸಾಹಾರಿಗಳ ನಡುವೆ ಹೊರಗಿನ ಮಾಂಸಾಹಾರಿಯೊಂದು ಬಂದು ಸೇರಿದರೆ ಏನಾಗುತ್ತದೆ ಎಂಬುದನ್ನು ಯೂರೋಪಿನ ಅನುಭವದಿಂದ ತಿಳಿಯಬಹುದು. ಉತ್ತರ ಅಮೆರಿಕದ ರಕೂನ್ ಎಂಬ, ಕಣ್ಣಿನ ಸುತ್ತ ಕಪ್ಪು ಪಟ್ಟಿಯುಳ್ಳ ಪ್ರಾಣಿಯನ್ನು 1934ರ ಏಪ್ರಿಲ್‌ನಲ್ಲಿ ಜರ್ಮನಿಯ ಹೆಸ್ಸೆ ಪ್ರಾಂತದ ಎಡರ್ ಜಲಾಶಯದ ಬಳಿ ಬಿಡಲಾಯಿತು. ಬಿಟ್ಟದ್ದು ಎರಡೇ ಎರಡು ಜೋಡಿ. 1945ರಲ್ಲಿ, ಯುದ್ಧದ ಕೊನೆಯ ದಿನಗಳಲ್ಲಿ, ಬರ್ಲಿನ್ ಸಮೀಪದ ತುಪ್ಪಳದ ಸಾಕಣೆ ಕೇಂದ್ರವೊಂದರಿಂದ ಇನ್ನಷ್ಟು ರಕೂನ್‌ಗಳು ತಪ್ಪಿಸಿಕೊಂಡವು. ಇಂದು ಜರ್ಮನಿಯಲ್ಲಿ ಬೇಟೆಗಾರರು ವರ್ಷವೊಂದಕ್ಕೆ ಎರಡು ಲಕ್ಷದಷ್ಟು ರಕೂನ್‌ಗಳನ್ನು ಕೊಲ್ಲುತ್ತಿದ್ದರೂ ಅವುಗಳ ಹರಡುವಿಕೆ ನಿಂತಿಲ್ಲ.

ಪೂರ್ವ ಏಷ್ಯಾದ ರಕೂನ್ ನಾಯಿಯ ಕಥೆಯೂ ಹೀಗೆಯೇ ಇದೆ. ಹೆಸರಿನಲ್ಲಿ ರಕೂನ್ ಎಂದಿದ್ದರೂ ಇದು ನಾಯಿ-ನರಿಗಳ ಕುಟುಂಬಕ್ಕೆ ಸೇರಿದ ಪ್ರಾಣಿ. ಇದರ ತುಪ್ಪಳದ ಆಸೆಗಾಗಿ 1920ರ ದಶಕದ ಕೊನೆಯಿಂದ 1950ರ ದಶಕದವರೆಗೆ ಸುಮಾರು ಒಂಬತ್ತು ಸಾವಿರ ಪ್ರಾಣಿಗಳನ್ನು ಆಗಿನ ಸೋವಿಯತ್ ಒಕ್ಕೂಟದ ಯೂರೋಪಿನ ಭಾಗದಲ್ಲಿ ಬಿಡಲಾಯಿತು. ಅವು ಪಶ್ಚಿಮಕ್ಕೆ ಸರಿಯುತ್ತ ಪೋಲೆಂಡ್, ಜರ್ಮನಿ, ಫಿನ್‌ಲೆಂಡ್‌ಗಳಲ್ಲಿ ನೆಲೆಯೂರಿದವು. ಅಲ್ಲಿನ ಮೂಲದ ಕೆಂಪುನರಿ ಮತ್ತು ಬ್ಯಾಡ್ಜರ್‌ಗಳು ತೋಡಿದ ಬಿಲಗಳಲ್ಲೇ ಇವೂ ಚಳಿಗಾಲವನ್ನು ಕಳೆಯುವುದುಂಟು. ಬಿಲದಲ್ಲಿ ವಾಸಿಸುವ ಉಣುಗುಗಳಿಗೆ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ?

2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜರ್ಮನಿಯ ಬ್ರಾಂಡೆನ್‌ಬರ್ಗ್ ಪ್ರಾಂತದ ಕೆಂಪುನರಿಗಳಲ್ಲೂ ರಕೂನ್ ನಾಯಿಗಳಲ್ಲೂ ಒಂದು ಬಗೆಯ ಅನಾಪ್ಲಾಸ್ಮಾ ಬ್ಯಾಕ್ಟೀರಿಯಾ ಪತ್ತೆಯಾಯಿತು. ಈ ಬ್ಯಾಕ್ಟೀರಿಯಾ ಅಲ್ಲಿನ ರೈತರಿಗೆ ಹಳೆಯ ಶತ್ರು. 1930ರ ದಶಕದ ಆರಂಭದಲ್ಲಿಯೇ ಸ್ಕಾಟ್ಲೆಂಡಿನ ಕುರಿಗಳಲ್ಲಿ ಇದರಿಂದ ಬರುವ ಉಣುಗು ಜ್ವರವನ್ನು ವಿವರಿಸಲಾಗಿತ್ತು. ಹಸುಗಳಲ್ಲಿ ಜ್ವರ ಬಂದು ಹಾಲು ಥಟ್ಟನೆ ಇಳಿಯುವುದು, ಕುರಿಗಳು ಕಂದುಹಾಕುವುದು, ಮರಿಗಳು ನಿಶ್ಶಕ್ತವಾಗಿ ಬೇರೆ ರೋಗಗಳಿಗೆ ತುತ್ತಾಗುವುದು ಇದರ ಲಕ್ಷಣಗಳು. ನಾಯಿ, ಕುದುರೆ, ಮನುಷ್ಯರಿಗೂ ಇದು ತಗುಲುತ್ತದೆ. ಹೊರಗಿನ ಪ್ರಾಣಿಯೊಂದು ಬಂದು ನೆಲೆಸಿದರೆ ಅಲ್ಲಿನ ಉಣುಗಿಗೆ ಹೊಸದೊಂದು ಊಟದ ಎಲೆ ಹಾಕಿದಂತೆ. ಎಲೆ ಹಾಕಿದವರು ಮನುಷ್ಯರು ಎಂಬುದನ್ನು ಮಾತ್ರ ಮರೆಯಬಾರದು.

ಮನೆಯ ನರಿ ಹೋದರೆ ಇಲಿಯ ರಾಜ್ಯ

ಇನ್ನು ಮೂಲನಿವಾಸಿ ಮಾಂಸಾಹಾರಿಗಳ ಪಾತ್ರವೇನು? ನರಿಯನ್ನು ಕೊಂದರೆ ಉಣುಗಿನ ರೋಗ ಕಡಿಮೆಯಾಗುವುದೆಂಬ ನಂಬಿಕೆ ಪಾಶ್ಚಾತ್ಯ ದೇಶಗಳಲ್ಲೂ ಇತ್ತು. ನೆದರ್ಲೆಂಡ್ಸ್‌ನ 20 ಅರಣ್ಯ ತಾಣಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ವಿರುದ್ಧವಾದ ಫಲಿತಾಂಶವನ್ನು ನೀಡಿತು. ಕೆಂಪುನರಿ ಮತ್ತು ಮಾರ್ಟನ್ ಎಂಬ ಸಣ್ಣ ಮಾಂಸಾಹಾರಿಗಳ ಓಡಾಟ ಹೆಚ್ಚಿದ್ದ ಕಡೆ ಇಲಿಗಳ ಮೈಮೇಲಿನ ಉಣುಗು ಮರಿಗಳು ಕಡಿಮೆ ಇದ್ದವು. ರೋಗಾಣು ಹೊತ್ತ ಎಳೆಯ ಉಣುಗುಗಳೂ ಕಡಿಮೆ ಇದ್ದವು. ಬೇಟೆಗಾರ ಪ್ರಾಣಿಯ ಭಯವಿದ್ದಾಗ ಇಲಿ ಬಿಲ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಹೋಗದ ಇಲಿಗೆ ಉಣುಗು ಹತ್ತುವುದಿಲ್ಲ ಎಂಬುದು ಇದಕ್ಕೆ ಅವರು ನೀಡಿದ ವಿವರಣೆ.

ಅಮೆರಿಕದಲ್ಲೂ ಇದನ್ನೇ ಹೋಲುವ ಪ್ರಸಂಗವಿದೆ. ಉಣುಗಿನಿಂದ ಬರುವ ಲೈಮ್ ಎಂಬ ಬ್ಯಾಕ್ಟೀರಿಯಾ ರೋಗ ಅಲ್ಲಿ 1970ರ ದಶಕದಿಂದೀಚೆಗೆ ಪ್ರಸಿದ್ಧಿಗೆ ಬಂತು. ಅದು ಹೆಚ್ಚಲು ಜಿಂಕೆಗಳೇ ಕಾರಣವೆಂದು ಬಹುಕಾಲ ಭಾವಿಸಲಾಗಿತ್ತು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕವನ್ನು ಮತ್ತೆ ನೋಡಿತು. ಪಶ್ಚಿಮದಿಂದ ಹರಡಿಬಂದ ಕೊಯೋಟೆ ಎಂಬ ತೋಳದ ಜಾತಿಯ ಪ್ರಾಣಿ ಕೆಂಪುನರಿಯನ್ನು ಹಿಮ್ಮೆಟ್ಟಿಸಿತ್ತು. ಇಲಿ ಹಿಡಿಯುವುದರಲ್ಲಿ ನಿಪುಣವಾದ ನರಿ ಕಡಿಮೆಯಾಗುತ್ತ ಬಂದುದಕ್ಕೂ ರೋಗ ಏರುತ್ತ ಬಂದುದಕ್ಕೂ ಜಿಂಕೆಯ ಸಂಖ್ಯೆಗಿಂತ ಹೆಚ್ಚಿನ ಹೊಂದಾಣಿಕೆ ಕಂಡುಬಂತು.

ಆ ದೇಶಗಳ ಉಣುಗು ಬೇರೆ, ನಮ್ಮ ಉಣುಗು ಬೇರೆ. ಅಲ್ಲಿನ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ಇಳಿಸುವುದು ತರವಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಬೇಟೆಗಾರ ಪ್ರಾಣಿಯನ್ನು ಕೊಲ್ಲುವುದೇ ರೋಗಕ್ಕೆ ಪರಿಹಾರವೆಂದು ಕಣ್ಣುಮುಚ್ಚಿ ನಂಬುವುದು ಅಪಾಯಕರ ಎಂಬಷ್ಟನ್ನಾದರೂ ಇವು ಕಲಿಸುತ್ತವೆ. ಇಲಿಯ ಹಾವಳಿಯಿಂದ ಭತ್ತ, ಕಬ್ಬು, ಕಡಲೆಕಾಯಿ, ತೆಂಗುಗಳಿಗೆ ಆಗುವ ನಷ್ಟವನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾದ್ದಿಲ್ಲ. ಗದ್ದೆಯ ನೀರಿನಿಂದ ತಗುಲುವ ಇಲಿಜ್ವರವೂ ಇಲಿಯ ಕೊಡುಗೆಯೇ. ನರಿ ರಾತ್ರಿಯೆಲ್ಲ ತಿರುಗಿ ಕೂಲಿ ಕೇಳದೆ ಇಲಿ ಹಿಡಿಯುವ ಕೆಲಸಗಾರ. ಅದು ಕಲ್ಲಂಗಡಿಯನ್ನು ಕಚ್ಚುತ್ತದೆ, ಕೋಳಿಯನ್ನು ಹೊತ್ತೊಯ್ಯುತ್ತದೆ ಎಂಬುದೂ ಸತ್ಯವೇ. ಆದರೆ ಜಮಾ-ಖರ್ಚು ಎರಡನ್ನೂ ಬರೆದು ನೋಡದೆ ಖಾತೆಯನ್ನು ಮುಚ್ಚುವುದು ಲೆಕ್ಕ ಬಲ್ಲವರ ಲಕ್ಷಣವಲ್ಲ.

ನಮ್ಮಲ್ಲಿ ಹೊರಗಿನವನು ಯಾರು?

ನಮ್ಮ ನಾಡಿನಲ್ಲಿ ರಕೂನ್ ಇಲ್ಲ, ರಕೂನ್ ನಾಯಿಯೂ ಇಲ್ಲ. ಹಾಗಾದರೆ ಇಲ್ಲಿನ ಕಾಡು, ಕುರುಚಲು, ಹುಲ್ಲುಗಾವಲುಗಳ ಪಾಲಿಗೆ ಹೊರಗಿನ ಮಾಂಸಾಹಾರಿ ಯಾವುದು? ನನ್ನ ಉತ್ತರ ಕೆಲವರಿಗೆ ಕಹಿ ಎನಿಸಬಹುದು: ಅದು ನಾವೇ ಸಾಕಿ, ಅನ್ನ ಹಾಕಿ, ಕಟ್ಟದೆ ಬಿಟ್ಟ ನಾಯಿ. ನಾಯಿ ನಮ್ಮ ಊರಿಗೆ ಹೊರಗಿನದಲ್ಲ, ಸಾವಿರಾರು ವರ್ಷಗಳ ಒಡನಾಡಿ. ಆದರೆ ಕಾಡಿಗೆ ಅದು ಹೊರಗಿನದೇ. ಕಾಡಿನ ನರಿಯ ಸಂಖ್ಯೆಯನ್ನು ಕಾಡಿನ ಆಹಾರವೇ ಮಿತಿಯಲ್ಲಿಡುತ್ತದೆ. ನಾಯಿಯ ಸಂಖ್ಯೆಗೆ ಅಂಥ ಮಿತಿ ಇಲ್ಲ; ನಮ್ಮ ಎಂಜಲು, ತಿಪ್ಪೆ, ಸತ್ತ ದನ ಬಿಸಾಡುವ ಹಳ್ಳಗಳು ಅದನ್ನು ಸಾಕುತ್ತವೆ. 2019ರ 20ನೆಯ ಜಾನುವಾರು ಗಣತಿಯಂತೆ ದೇಶದಲ್ಲಿದ್ದ ಬೀದಿನಾಯಿಗಳು ಸುಮಾರು 1.53 ಕೋಟಿ, ಕರ್ನಾಟಕದಲ್ಲಿ ಸುಮಾರು 11 ಲಕ್ಷ. ಒಡೆಯನಿದ್ದೂ ಹಗ್ಗವಿಲ್ಲದ ಸಾಕುನಾಯಿಗಳು ಈ ಲೆಕ್ಕದ ಹೊರಗಿನವು.

ಈ ನಾಯಿ ಬೆಳಗ್ಗೆ ಕುರಿಯ ಹಿಂದೆ ಗುಡ್ಡಕ್ಕೆ ಹೋಗುತ್ತದೆ. ಮಧ್ಯಾಹ್ನ ಹಳ್ಳದಲ್ಲಿ ಬಿದ್ದ ಹೆಣವನ್ನು ತಿನ್ನುತ್ತದೆ. ಅಲ್ಲಿಗೇ ಸಂಜೆ ನರಿಯೂ ಬರುತ್ತದೆ, ತೋಳವೂ ಬರುತ್ತದೆ. ರಾತ್ರಿ ನಾಯಿ ಮನೆಗೆ ಬಂದು ಮಕ್ಕಳ ಪಕ್ಕದಲ್ಲಿ ಮಲಗುತ್ತದೆ. ಊರಿನ ಉಣುಗನ್ನು ಕಾಡಿಗೆ ಮುಟ್ಟಿಸಿ, ಕಾಡಿನ ಉಣುಗನ್ನು ಊರಿಗೆ ತರುವ ಗಾಡಿ ಇದಲ್ಲದೆ ಬೇರೆ ಯಾವುದು?

ನಾಯಿ ಉಣುಗಿನ ಜ್ವರ

ಕಂದು ಬಣ್ಣದ ನಾಯಿ ಉಣುಗು ಮನೆಯೊಳಗೇ ಸಂಸಾರ ಹೂಡುವಂಥದು. ಇದರ ಮೂರು ಹಂತಗಳೂ ನಾಯಿಯ ರಕ್ತದ ಮೇಲೇ ಬದುಕಬಲ್ಲವು. ಆದರೆ ಹೊಟ್ಟೆ ತುಂಬಿದ ಮೇಲೆ ಅದು ನಾಯಿಯಿಂದ ಕೆಳಗಿಳಿದು ಗೋಡೆಯ ಬಿರುಕು, ಜಂತೆಯ ಸಂದು, ಗೋಣಿಚೀಲದ ಮಡಿಕೆಗಳನ್ನು ಸೇರುತ್ತದೆ. ಒಂದು ಹೆಣ್ಣು ಉಣುಗು ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಕಾದಿರಬಲ್ಲದು.

ಈ ಉಣುಗು ಹರಡುವ ಎರ್ಲಿಕಿಯಾ ರೋಗವನ್ನು 1935ರಲ್ಲಿ ಆಲ್ಜೀರಿಯಾ ದೇಶದಲ್ಲಿ ದೊನಾತಿಯೆನ್ ಮತ್ತು ಲೆಸ್ತೊಕಾರ್ ಎಂಬ ಫ್ರೆಂಚ್ ವಿಜ್ಞಾನಿಗಳು ಮೊದಲು ಗುರುತಿಸಿದರು. 1960ರ ದಶಕದ ಕೊನೆಯಲ್ಲಿ ವಿಯೆಟ್ನಾಮಿನಲ್ಲಿದ್ದ ಅಮೆರಿಕದ ಸೈನ್ಯದ ನಾಯಿಗಳು ಇದರಿಂದ ನೂರಾರು ಸಂಖ್ಯೆಯಲ್ಲಿ ಸತ್ತವು. ಮೊದಲಲ್ಲಿ ಜ್ವರ, ಮಂಕು, ಆಹಾರ ಬಿಡುವುದು, ಗಂಟಲ ಕೆಳಗಿನ ಗ್ರಂಥಿಗಳ ಊತ ಕಾಣುತ್ತವೆ. ಬಳಿಕ ನಾಯಿ ಚೇತರಿಸಿಕೊಂಡಂತೆ ತೋರಿದರೂ ರೋಗಾಣು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಒಳಗೇ ಉಳಿದಿರುತ್ತದೆ. ಕೊನೆಯ ಹಂತದಲ್ಲಿ ಒಸಡು ಬಿಳಚಿಕೊಂಡು, ಮೂಗಿನಿಂದ ರಕ್ತ ಸುರಿದು, ನಾಯಿ ಸೊರಗಿ ಸಾಯುತ್ತದೆ. ಊರಿನಲ್ಲಿ ಇಂಥ ಸಾವಿಗೆ ಯಾರೋ ವಿಷ ಹಾಕಿದರೆಂದು ಜಗಳವಾಗುವುದುಂಟು.

ಇಲ್ಲಿ ರೈತರು ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಎರ್ಲಿಕಿಯಾ ಉಣುಗಿನ ಒಂದು ಹಂತದಿಂದ ಮುಂದಿನ ಹಂತಕ್ಕೆ ದಾಟುತ್ತದೆಯೇ ಹೊರತು ತಾಯಿಯಿಂದ ಮೊಟ್ಟೆಗೆ ದಾಟುವುದಿಲ್ಲ. ಅಂದರೆ ಹೊಸ ಪೀಳಿಗೆಯ ಉಣುಗುಗಳು ಹುಟ್ಟುವಾಗ ನಿರ್ದೋಷಿಗಳು. ಸೋಂಕುಳ್ಳ ಪ್ರಾಣಿಯ ರಕ್ತ ಕುಡಿದ ಮೇಲೆಯೇ ಅವು ಅಪಾಯಕಾರಿಯಾಗುತ್ತವೆ. ಆದ್ದರಿಂದ ರೋಗಪೀಡಿತ ನಾಯಿಗೆ ಸರಿಯಾದ ಚಿಕಿತ್ಸೆ ಕೊಡಿಸಿ, ಅದರ ಮೈಮೇಲೆ ಉಣುಗು ಕೂರದಂತೆ ಮಾಡಿದರೆ ಸರಪಣಿ ಅಲ್ಲಿಗೇ ಕಡಿಯುತ್ತದೆ. ಕಾಡಿನ ನರಿಯನ್ನು ಹಿಡಿದು ಮದ್ದು ಕುಡಿಸುವುದು ಯಾರಿಂದಲೂ ಆಗದ ಕೆಲಸ. ನಾಯಿಗೆ ಕುಡಿಸುವುದು ಎಲ್ಲರಿಂದಲೂ ಆಗುವ ಕೆಲಸ.

ಆಸ್ಟ್ರೇಲಿಯಾದ ಉದಾಹರಣೆ ಈ ಮಾತನ್ನು ಪುಷ್ಟೀಕರಿಸುತ್ತದೆ. ಆ ದೇಶದ ಉತ್ತರ ಭಾಗದಲ್ಲಿ ಕಂದು ನಾಯಿ ಉಣುಗು ಬಹುಕಾಲದಿಂದ ಇತ್ತು, ಡಿಂಗೋ ಎಂಬ ಕಾಡುನಾಯಿಯೂ ಇತ್ತು. ಅಲ್ಲಿನ ನಾಯಿಗಳಲ್ಲಿ ಎರ್ಲಿಕಿಯಾ ನೆಲೆಯೂರಿರಲಿಲ್ಲ. 2020ರ ಮೇ ತಿಂಗಳಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದ ನಾಯಿಗಳಲ್ಲಿ ಅದು ಪತ್ತೆಯಾಯಿತು. ಸ್ವಲ್ಪ ಕಾಲದಲ್ಲೇ ನೆರೆಯ ಉತ್ತರ ಪ್ರಾಂತಕ್ಕೂ ಹಬ್ಬಿ, ದೂರದ ಹಳ್ಳಿಗಳ ನಾಯಿಗಳನ್ನು ಬಲಿ ತೆಗೆದುಕೊಂಡಿತು. ಉಣುಗು ಮತ್ತು ಕಟ್ಟದ ನಾಯಿ ಎರಡೂ ಇರುವಲ್ಲಿ ರೋಗಾಣು ಒಮ್ಮೆ ಒಳಹೊಕ್ಕರೆ ಒಣಹುಲ್ಲಿಗೆ ಕಿಡಿ ಬಿದ್ದಂತೆಯೇ ಸರಿ.

ಕಾಡುಪ್ರಾಣಿಗೂ ನಾವೇ ಕಂಟಕ

ನರಿ, ತೋಳ, ಸೀಳುನಾಯಿಗಳು ನಾಯಿಯ ಹತ್ತಿರದ ಸಂಬಂಧಿಗಳು. ನಾಯಿಗೆ ಬರುವ ಬಹಳಷ್ಟು ರೋಗಗಳು ಅವಕ್ಕೂ ಬರುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ನಡೆಸಿ 1979ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಯಿಯ ಎರ್ಲಿಕಿಯಾ ಅಲ್ಲಿನ ಕಾಡುನಾಯಿಗೂ ಕಪ್ಪುಬೆನ್ನಿನ ನರಿಗೂ ತಗುಲುವುದು ಸಿದ್ಧಪಟ್ಟಿತು. 1999ರಲ್ಲಿ ಇಸ್ರೇಲಿನ ಸಂಶೋಧಕರು ಕಾಡಿನಲ್ಲಿ ತಿರುಗುವ ನರಿಗಳ ರಕ್ತವನ್ನು ಪರೀಕ್ಷಿಸಿದಾಗ, ಎರ್ಲಿಕಿಯಾ ಮತ್ತು ರಿಕೆಟ್ಸಿಯಾ ಎರಡರ ಸೋಂಕಿಗೂ ಒಡ್ಡಿಕೊಂಡ ಗುರುತುಗಳು ಕಂಡುಬಂದವು. ಆ ನರಿ ನಮ್ಮ ಹೊಲಗಳಲ್ಲಿ ಊಳಿಡುವ ನರಿಯ ಜಾತಿಯದೇ.

ಬ್ಯಾಕ್ಟೀರಿಯಾ ಅಲ್ಲದ ಒಂದು ಪಕ್ಕದ ಉದಾಹರಣೆಯನ್ನೂ ಇಲ್ಲಿ ಹೇಳಬೇಕು. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸಿಂಹಗಳ ಪೈಕಿ ಮೂರನೆಯ ಒಂದು ಭಾಗದಷ್ಟು ಸತ್ತವು. ಕಾರಣ ಡಿಸ್ಟೆಂಪರ್ ಎಂಬ ವೈರಸ್ ರೋಗ. ಸುತ್ತಲಿನ ಹಳ್ಳಿಗಳ ನಾಯಿಗಳಲ್ಲಿ ಅದು ಇತ್ತು. ಆದರೆ ಬೇರೆ ವರ್ಷಗಳಲ್ಲಿ ಅದೇ ವೈರಸ್ ಬಂದು ಹೋದರೂ ಸಿಂಹಗಳು ಹಾಗೆ ಸತ್ತಿರಲಿಲ್ಲ. ಬರಗಾಲದ ತರುವಾಯ ಸಿಂಹಗಳ ರಕ್ತದಲ್ಲಿ ಉಣುಗಿನಿಂದ ಬಂದ ಬೆಬೀಸಿಯಾ ವಿಪರೀತ ಹೆಚ್ಚಿದ್ದು, ಎರಡೂ ರೋಗಗಳು ಒಟ್ಟಿಗೆ ಎರಗಿದ್ದೇ ಸಾವಿಗೆ ಕಾರಣವೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಈ ಎರಡು ರೋಗಗಳ ಹೆಸರೇ ಕೇಳಿಬಂತು. ಉಣುಗಿನ ಸೋಂಕನ್ನು ಸದ್ದಿಲ್ಲದೆ ತಾಳಿಕೊಂಡಿರುವ ಕಾಡುಪ್ರಾಣಿಗೆ ಇನ್ನೊಂದು ರೋಗದ ಹೊರೆ ಸೇರಿದರೆ ಅದು ಕುಸಿಯುತ್ತದೆ.

ಮನುಷ್ಯರಿಗೆ ಬರುವ ಉಣುಗು ಜ್ವರ

ಇಷ್ಟೆಲ್ಲ ನಾಯಿ-ನರಿಗಳ ಮಾತಾಯಿತು, ನಮಗೇನು ಎಂದು ಕೇಳುವವರಿಗೆ ಉತ್ತರವಿದೆ. ಅದೇ ಕಂದು ನಾಯಿ ಉಣುಗು ಹರಡುವ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾದಿಂದ ಮನುಷ್ಯರಿಗೆ ಭಾರತೀಯ ಉಣುಗು ಜ್ವರ ಬರುತ್ತದೆ. 1921ರಷ್ಟು ಹಿಂದೆಯೇ ಮೆಗಾ ಎಂಬ ವೈದ್ಯಾಧಿಕಾರಿ ಕುಮಾವೂನ್ ಬೆಟ್ಟ ಪ್ರದೇಶದ ಜ್ವರವೊಂದು ಉಣುಗಿನಿಂದ ಬರುತ್ತಿರಬಹುದೆಂದು ಬರೆದಿದ್ದರು. ತೀವ್ರ ಜ್ವರ, ತಲೆನೋವು, ಮೈಕೈ ನೋವು, ಕೆಲವು ದಿನಗಳ ಬಳಿಕ ಅಂಗೈ ಅಂಗಾಲುಗಳಲ್ಲೂ ಏಳುವ ಕೆಂಪು ಗುಳ್ಳೆಗಳು ಇದರ ಲಕ್ಷಣಗಳು. ಕಚ್ಚಿದ ಜಾಗದಲ್ಲಿ ಕೆಲವೊಮ್ಮೆ ಕಪ್ಪು ಹಕ್ಕಳೆ ಕಾಣುತ್ತದೆ. ಎರ್ಲಿಕಿಯಾದಂತಲ್ಲದೆ ಇದರ ರೋಗಾಣು ಉಣುಗಿನ ಮೊಟ್ಟೆಗೂ ದಾಟಬಲ್ಲದು. ಆದ್ದರಿಂದ ಮನೆಯೊಳಗಿನ ಉಣುಗಿನ ನೆಲೆಯನ್ನೇ ನಾಶ ಮಾಡಬೇಕಾಗುತ್ತದೆ.

ಸಕಾಲದಲ್ಲಿ ವೈದ್ಯರು ಗುರುತಿಸಿದರೆ ಡಾಕ್ಸಿಸೈಕ್ಲಿನ್ ಎಂಬ ಔಷಧಕ್ಕೆ ಈ ಜ್ವರ ಬಗ್ಗುತ್ತದೆ. ತಡವಾದರೆ ಪ್ರಾಣಾಪಾಯವೂ ಉಂಟು. ಮಂಗನ ಕಾಯಿಲೆ ವೈರಸ್ಸಿನದಾದ್ದರಿಂದ ಅದಕ್ಕೆ ಈ ಔಷಧ ನಾಟುವುದಿಲ್ಲ. ಮಲೆನಾಡಿನವರು ಜ್ವರ ಬಂದಾಗ ಸ್ವಂತ ವೈದ್ಯ ಮಾಡಿಕೊಳ್ಳದೆ, ಉಣುಗು ಕಚ್ಚಿತ್ತು ಎಂಬ ಮಾತನ್ನು ತಪ್ಪದೆ ಹೇಳಿ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕೆಲವು ಆಕ್ಷೇಪಗಳು

ನಾಯಿಯನ್ನು ಕಟ್ಟಿದರೆ ಹಂದಿ ಕಾಯುವವರು ಯಾರು ಎಂದು ಕೇಳುವವರು ಇದ್ದಾರೆ. ನ್ಯಾಯವಾದ ಪ್ರಶ್ನೆ. ಕಾವಲಿನ ಹೊತ್ತಿನಲ್ಲಿ ಹೊಲದ ಮಾಳಿಗೆಯ ಬಳಿ ಉದ್ದನೆಯ ಹಗ್ಗದಲ್ಲಿ ಕಟ್ಟಿದ ನಾಯಿಯೂ ಬೊಗಳುತ್ತದೆ. ಹಂದಿಯನ್ನು ಎಚ್ಚರಿಸುವುದು ನಾಯಿಯ ದನಿ. ಅದು ಕಾಡಿನೊಳಗೆ ಎರಡು ಮೈಲಿ ಅಟ್ಟಿಕೊಂಡು ಹೋಗಬೇಕಾದ ಅವಶ್ಯಕತೆಯಿಲ್ಲ. ಕುರಿಗಾಹಿಗಳ ನಾಯಿಯ ವಿಷಯ ಬೇರೆ. ಅದು ಹಿಂಡಿನೊಡನೆ ತಿರುಗಲೇಬೇಕು. ಅಂಥ ನಾಯಿಗೆ ಉಣುಗುನಾಶಕ ಔಷಧ ಇನ್ನಷ್ಟು ಅಗತ್ಯ.

ಔಷಧಕ್ಕೆ ಖರ್ಚಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಹಾಲು ಕೊಡುವ ಹಸುವಿಗೆ ಖರ್ಚು ಮಾಡುವ ರೈತ ಬರಿ ಕಾವಲಿನ ನಾಯಿಗೆ ಹಣ ಬಿಚ್ಚಲು ಹಿಂಜರಿಯುವುದು ಸಹಜ. ಆದರೆ ಸುಗ್ಗಿಯ ನಡುವೆ ಮನೆಯವರೊಬ್ಬರು ಜ್ವರದಿಂದ ಹದಿನೈದು ದಿನ ಮಲಗಿದರೆ ಆಗುವ ನಷ್ಟದ ಮುಂದೆ ಆ ಖರ್ಚು ಎಷ್ಟರದು? ಸಾಕಲು ಶಕ್ತಿಯಿಲ್ಲದಷ್ಟು ನಾಯಿಗಳನ್ನು ಇಟ್ಟುಕೊಳ್ಳುವುದಕ್ಕಿಂತ ಒಂದನ್ನೇ ಚೆನ್ನಾಗಿ ಸಾಕುವುದು ಲೇಸು.

ಹಾಗಾದರೆ ಬೀದಿನಾಯಿಗಳನ್ನು ಕೊಂದುಬಿಡೋಣ ಎನ್ನುವವರಿಗೂ ನನ್ನ ಒಪ್ಪಿಗೆಯಿಲ್ಲ. ಅದು ಕಾನೂನಿಗೆ ವಿರುದ್ಧ. ಅಲ್ಲದೆ, ತಿಪ್ಪೆ ಇರುವವರೆಗೆ ಒಂದು ನಾಯಿ ಸತ್ತ ಜಾಗಕ್ಕೆ ಇನ್ನೊಂದು ಬರುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಬೀದಿನಾಯಿಗಳ ಸಂತಾನಹರಣ ಮತ್ತು ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಗಳದು. ಚರಂಡಿ, ಬೀದಿದೀಪಗಳಿಗಾಗಿ ಗ್ರಾಮಸಭೆಯಲ್ಲಿ ದನಿಯೆತ್ತುವ ನಾವು ಇದಕ್ಕಾಗಿಯೂ ದನಿಯೆತ್ತಬೇಕು. ಹುಚ್ಚುನಾಯಿ ರೋಗದ ಲಸಿಕೆಯ ಶಿಬಿರ ನಡೆಸುವಾಗಲೇ ಉಣುಗು ನಿವಾರಣೆಯನ್ನೂ ಸೇರಿಸಿಕೊಂಡರೆ ಒಂದೇ ಖರ್ಚಿನಲ್ಲಿ ಎರಡು ಕೆಲಸವಾಗುತ್ತದೆ.

ರೈತರು ಕೈಗೊಳ್ಳಬೇಕಾದ ಕ್ರಮಗಳು

1. ಕಾಡಿಗೆ ಅಥವಾ ಗುಡ್ಡಕ್ಕೆ ಹೋಗಿಬಂದ ನಾಯಿಯನ್ನು ಅಂಗಳದಲ್ಲೇ ನಿಲ್ಲಿಸಿ, ಕಿವಿಯ ಒಳಭಾಗ, ಕುತ್ತಿಗೆ, ಕಂಕುಳು, ಬೆರಳ ಸಂದು, ಬಾಲದ ಬುಡಗಳನ್ನು ನೋಡಬೇಕು.

2. ಉಣುಗನ್ನು ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಬೇಕು. ಬೀಡಿಯ ಬೆಂಕಿ, ಸೀಮೆಎಣ್ಣೆ ತಾಗಿಸಬಾರದು. ಉಗುರಿನಿಂದ ಹೊಸಕಬಾರದು; ಅದರ ರಸ ಗಾಯಕ್ಕೋ ಕಣ್ಣಿಗೋ ತಗುಲಿದರೂ ಸೋಂಕು ಬರಬಹುದು. ಕಿತ್ತ ಉಣುಗನ್ನು ಸೋಪಿನ ನೀರಿಗೆ ಹಾಕಿ ಕೈ ತೊಳೆಯಬೇಕು.

3. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನಾಯಿಯ ಮೈಗೆ ಎಂದೂ ಹಚ್ಚಬಾರದು. ಮೈಗೆ ಹಾಕುವ ಔಷಧ, ಕೊರಳಪಟ್ಟಿ, ನುಂಗಿಸುವ ಮಾತ್ರೆ ಯಾವುದಾದರೂ ಸರಿ, ಪಶುವೈದ್ಯರ ಸಲಹೆಯ ಪ್ರಕಾರ ಬಳಸಬೇಕು. ನಾಯಿಯ ಔಷಧ ಬೆಕ್ಕಿಗೆ ಪ್ರಾಣಾಂತಿಕವಾಗಬಹುದು.

4. ನಾಯಿ ಮಲಗುವ ಜಾಗದ ಬಿರುಕುಗಳನ್ನು ಮುಚ್ಚಿ ಸುಣ್ಣ ಬಳಿಯಬೇಕು. ಹಾಸಿದ ಗೋಣಿಯನ್ನು ಕುದಿಯುವ ನೀರಿನಲ್ಲಿ ಅದ್ದಬೇಕು ಅಥವಾ ಸುಡಬೇಕು. ನಾಯಿಯ ಮೈ ಶುಚಿಯಾಗಿ ಗೋಡೆ ಹಾಗೇ ಉಳಿದರೆ ವಾರದಲ್ಲೇ ಉಣುಗು ಮರಳುತ್ತದೆ.

5. ಜ್ವರ, ಮಂಕು, ಮೂಗಿನಲ್ಲಿ ರಕ್ತ ಕಂಡ ನಾಯಿಯ ರಕ್ತಪರೀಕ್ಷೆ ಮಾಡಿಸಬೇಕು. ಎರ್ಲಿಕಿಯಾ ಚಿಕಿತ್ಸೆ ಸಾಮಾನ್ಯವಾಗಿ ನಾಲ್ಕು ವಾರಗಳದು. ನಾಲ್ಕು ದಿನಕ್ಕೆ ಚೇತರಿಸಿತೆಂದು ಔಷಧವನ್ನು ನಿಲ್ಲಿಸಬಾರದು.

6. ಸತ್ತ ದನ, ಕುರಿ, ಕೋಳಿಗಳನ್ನು ಹಳ್ಳಕ್ಕೆ ಎಸೆಯದೆ ಆಳವಾಗಿ ಹೂಳಬೇಕು. ನಾಯಿ ಮತ್ತು ನರಿ ಎದುರುಬದುರಾಗುವ ಸಂತೆಯೇ ಆ ಹಳ್ಳ.

7. ಸತ್ತ ಅಥವಾ ಸೊರಗಿದ ಕಾಡುಪ್ರಾಣಿ ಕಂಡರೆ ಮುಟ್ಟದೆ, ನಾಯಿಗೂ ಬಿಡದೆ, ಅರಣ್ಯ ಇಲಾಖೆಗೆ ತಿಳಿಸಬೇಕು. ನರಿ, ತೋಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ವಿಷವಿಡುವುದು ಅಪರಾಧ. ಆ ವಿಷ ಮೊದಲು ಕೊಲ್ಲುವುದು ಹೆಚ್ಚಾಗಿ ನಮ್ಮದೇ ನಾಯಿಯನ್ನು.

ಈ ಏಳರಲ್ಲಿ ಒಂದಕ್ಕೂ ಕಾಡಿನೊಳಗೆ ಕಾಲಿಡಬೇಕಾದ ಅಗತ್ಯವಿಲ್ಲ ಎಂಬುದನ್ನು ಗಮನಿಸಿ. ಯೂರೋಪಿನವರು ಎರಡು ಜೋಡಿ ಪ್ರಾಣಿಗಳನ್ನು ಬಿಟ್ಟು, ಇಂದು ಲಕ್ಷಗಟ್ಟಲೆ ಕೊಂದರೂ ಹಿಂದಕ್ಕೆ ಪಡೆಯಲಾರದೆ ಪರಿತಪಿಸುತ್ತಿದ್ದಾರೆ. ನಮ್ಮ ಸ್ಥಿತಿ ಅಷ್ಟು ಕೈಮೀರಿಲ್ಲ. ನಮ್ಮಲ್ಲಿನ ಹೊರಗಿನ ಪ್ರಾಣಿ ಕರೆದರೆ ಬರುತ್ತದೆ, ಹೆಸರು ಹಿಡಿದು ಕೂಗಿದರೆ ಬಾಲವಾಡಿಸುತ್ತದೆ, ನಮ್ಮ ಕೈಯಿಂದಲೇ ಮದ್ದು ನುಂಗುತ್ತದೆ. ಇಂಥ ಅನುಕೂಲ ಇದ್ದೂ ನರಿಯ ಮೇಲೆ ದೂರು ಹೊರಿಸಿ ಕೂರುವುದು ವಿವೇಕವಲ್ಲ. ಬರುವ ಬೇಸಿಗೆಯೊಳಗೆ ಪ್ರತಿಯೊಬ್ಬ ರೈತನೂ ತನ್ನ ನಾಯಿಯ ಕಿವಿಯನ್ನೊಮ್ಮೆ ಮಡಚಿ ನೋಡಲಿ. ಮಾಡಬೇಕಾದ ಮೊದಲ ಕೆಲಸ ಅಲ್ಲಿಯೇ ಕಾಣುತ್ತದೆ.